ಮೂವತ್ತೆಂಟು ವರ್ಷದ ಮಿದುಳು

ಇಡೀ ಸೈಟಿನಲ್ಲಿ ಅವನನ್ನು ಹೆಸರು ಹಿಡಿದು ಕರೆಯುವವರು ಒಬ್ಬರೂ ಇರಲಿಲ್ಲ. ಎಲ್ಲರಿಗೂ ಅವನು ಬಾಮೈದ. ಮೇಲೆ ಕ್ರೇನಿನ ಕ್ಯಾಬಿನ್ನಿನಲ್ಲಿ ಕೂರುವವನು ಅವನ ಅಕ್ಕನ ಗಂಡ. ಕೆಳಗೆ ನಿಂತು, ಲೋಡು ಎಲ್ಲಿ ಎತ್ತಬೇಕು ಎಲ್ಲಿ ಇಳಿಸಬೇಕು ಎಂದು ಕೈಸನ್ನೆ ಮಾಡುವವನು ಇವನು. ಕೆಲಸಕ್ಕೆ ಸೇರಿದ ದಿನ ಭಾವ ಮೇಲಿನಿಂದ ವಾಕಿಟಾಕಿಯಲ್ಲಿ 'ಲೋ ಬಾಮೈದ' ಎಂದು ಕೂಗಿದ್ದೇ ತಡ, ಕಂಬಿ ಕಟ್ಟುವವರಿಂದ ಹಿಡಿದು ಗೇಟಿನ ಕಾವಲುಗಾರನವರೆಗೆ ಎಲ್ಲರೂ ಅದನ್ನೇ ಹಿಡಿದುಕೊಂಡರು. ಇಷ್ಟೊಂದು ಭಾವಂದಿರಿರುವ ಗಂಡಸು ಭೂಮಿಯ ಮೇಲೆ ಇನ್ನೊಬ್ಬ ಇರಲಾರ. ಅವನೂ ಬೇಸರ ಮಾಡಿಕೊಳ್ಳಲಿಲ್ಲ. ಅಪ್ಪ ಅಮ್ಮ ಹೋದಮೇಲೆ ತನ್ನನ್ನು ಮನೆಗೆ ಕರೆತಂದು, ಅನ್ನ ಹಾಕಿ, ಕೆಲಸ ಕಲಿಸಿದ ಮನುಷ್ಯನ ಬಾಮೈದ ಅನ್ನಿಸಿಕೊಳ್ಳುವುದರಲ್ಲಿ ಅವನಿಗೆ ಒಳಗೊಳಗೇ ಹೆಮ್ಮೆಯಿತ್ತು.

ಆದರೆ ಆ ಭಾನುವಾರ ಮಧ್ಯಾಹ್ನ ಅಕ್ಕನ ಮನೆಯ ಮೆಟ್ಟಿಲು ಹತ್ತುವುದಕ್ಕೆ ಬಾಮೈದನಿಗೆ ಕಾಲೇ ಏಳುತ್ತಿರಲಿಲ್ಲ.

ಭಾನುವಾರ ಊಟವಾದ ಮೇಲೆ ಆ ಮನೆಯಲ್ಲಿ ಟಿವಿಯ ಮುಂದೆ ಆಟ. ಭಾವನ ಮಗಳು, ಕನ್ನಡಕದ ಅಂಗಡಿಯಲ್ಲಿ ಕೆಲಸ ಮಾಡುವವಳು, ಸ್ನೇಹಿತೆಯೊಬ್ಬಳಿಂದ ತಂದಿದ್ದಳು. ಮಿದುಳು ಚುರುಕು ಮಾಡುವ ವಿಡಿಯೋ ಗೇಮಂತೆ. ಟಿವಿಗೆ ಒಂದು ಡಬ್ಬಿ ಸಿಕ್ಕಿಸಿ, ರಿಮೋಟು ಹಿಡಿದು ಆಡುವುದು. ಪರದೆಯ ಮೇಲೆ ಬಾಣಗಳು ಒಂದೊಂದಾಗಿ ಬಂದು ಮಾಯವಾಗುತ್ತವೆ: ಮೇಲೆ, ಎಡಕ್ಕೆ, ಕೆಳಗೆ, ಬಲಕ್ಕೆ. ಬಂದ ಕ್ರಮವನ್ನು ನೆನಪಿಟ್ಟು ಹಾಗೇ ಒತ್ತಬೇಕು. ಸರಿಯಾದರೆ ಮುಂದಿನ ಸುತ್ತಿಗೆ ಒಂದು ಬಾಣ ಹೆಚ್ಚು. ತಪ್ಪಿದರೆ ಆಟ ಮುಗಿಯಿತು. ಆಮೇಲೆ ಕನ್ನಡಕ ಹಾಕಿಕೊಂಡ ಗೂಬೆಯೊಂದು ರೆಕ್ಕೆ ಬಡಿಯುತ್ತ ಬಂದು, ನಿಮ್ಮ ಮಿದುಳಿಗೆ ಇಷ್ಟು ವಯಸ್ಸು ಎಂದು ತೋರಿಸುತ್ತದೆ. ಮನುಷ್ಯರ ಬುದ್ಧಿ ಅಳೆಯುವುದಕ್ಕೆ ಗೂಬೆಯೇ ಆಗಬೇಕಿತ್ತೇ ಎಂದು ಮೊದಲ ದಿನ ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದರು.

ಈಗ ಬಾಮೈದನಿಗೆ ಆ ಗೂಬೆಯನ್ನು ನೆನೆದರೆ ನಗು ಬರುತ್ತಿರಲಿಲ್ಲ. ಯಾಕೆಂದರೆ ಭಾವನಿಗೆ ಮರೆವು ಶುರುವಾಗಿತ್ತು. ಅದು ಬಾಮೈದನಿಗೆ ಗೊತ್ತಾದದ್ದು ಒಂದು ಕಂಬಿಯ ಕಟ್ಟಿನಿಂದ. ಎತ್ತಿದ ಕಟ್ಟು ನಡು ಆಕಾಶದಲ್ಲಿ ನಿಂತುಬಿಟ್ಟಿತು. ವಾಕಿಟಾಕಿಯಲ್ಲಿ ಭಾವನ ಗೊಗ್ಗರು ದನಿ: 'ಇದನ್ನ ಎಲ್ಲಿಗೆ ಅಂದೆ?' ಆಗ ತಾನೇ ಹೇಳಿದ್ದ. ಮತ್ತೆ ಹೇಳಿದ. ಸ್ವಲ್ಪ ಹೊತ್ತಿಗೆ ಮತ್ತದೇ ಪ್ರಶ್ನೆ. ಕೊನೆಗೆ ಬಾಮೈದ ಬಯಲಿಗೆ ಬಂದು ಕೈ ಎತ್ತಿ ಸನ್ನೆ ಮಾಡಿದ. ತಕ್ಷಣ ಲೋಡು ಹೂವು ಇಳಿಸಿದ ಹಾಗೆ ಬಂದು ಕೂತಿತು. ಅಂದಿನಿಂದ ಅವನು ಬಾಯಲ್ಲಿ ಹೇಳುವುದನ್ನೇ ಬಿಟ್ಟ. ಮಾತು ಭಾವನ ತಲೆಯಲ್ಲಿ ನಿಲ್ಲುತ್ತಿರಲಿಲ್ಲ, ಆದರೆ ಕೈ ಕಂಡರೆ ಆತ ಇಂದಿಗೂ ರಾಜ. ಹೀಗೆ ಇವನ ಕೈಯಲ್ಲಿ ಅವನ ಕೆಲಸ ನಡೆದುಕೊಂಡು ಹೋಗುತ್ತಿತ್ತು.

ಅಷ್ಟಕ್ಕೇ ನಿಂತಿದ್ದರೆ ಚೆನ್ನಾಗಿತ್ತು. ಸೈಟಿನ ಮೇಸ್ತ್ರಿ ಭಾವನ ಹಳೇ ಗೆಳೆಯ, ಭಾನುವಾರದ ಆಟಕ್ಕೆ ತಪ್ಪದೆ ಬರುವವನು. ಅವನಿಗೂ ಒಂದು ಅನುಮಾನ ತಲೆಯಲ್ಲಿ ಸುಳಿದಿತ್ತು. ಮೊದಲ ಭಾನುವಾರ ಭಾವ ಮೂರನೇ ಬಾಣಕ್ಕೇ ತಡವರಿಸಿದಾಗ ಮೇಸ್ತ್ರಿ ಹುಬ್ಬೇರಿಸಿ ನೋಡಿದ. ಟಿವಿಯ ಪಕ್ಕದ ಸ್ಟೂಲಿನ ಮೇಲೆ ಕೂತಿದ್ದ ಬಾಮೈದನಿಗೆ ಅದೇನು ತೋಚಿತೋ, ಮೊಣಕಾಲ ಮೇಲಿದ್ದ ಕೈಯಲ್ಲಿ ಹೆಬ್ಬೆರಳನ್ನು ಒಂಚೂರು ಮೇಲೆತ್ತಿದ. ಭಾವ ಮೇಲಿನ ಬಾಣ ಒತ್ತಿದ. ಹೆಬ್ಬೆರಳು ಎಡಕ್ಕೆ ಹೋಯಿತು. ಭಾವ ಎಡಕ್ಕೆ ಒತ್ತಿದ. ಮಿಕ್ಕವರ ಕಣ್ಣೆಲ್ಲ ಪರದೆಯ ಮೇಲೆ, ಕೈ ನೋಡುವವರ್ಯಾರು? ಗೂಬೆ ಬಂದು ಮೂವತ್ತೆಂಟು ಎಂದಿತು. ಆಮೇಲಿನ ಭಾನುವಾರಗಳಲ್ಲೂ ಹೆಚ್ಚುಕಡಿಮೆ ಅಷ್ಟೇ. ಭಾವ ಬಾಮೈದ ಇಬ್ಬರೂ ಇದರ ಬಗ್ಗೆ ಒಂದು ಮಾತೂ ಆಡಿಕೊಳ್ಳಲಿಲ್ಲ.

ನಗೆಯಾಟ ನಾಗರಹಾವಾದದ್ದು ಆಮೇಲೆ. ಸೈಟಿನಲ್ಲಿ ಕಟ್ಟಡದ ಹಿಂದಿನ ಇಕ್ಕಟ್ಟಾದ ಅಂಗಳಕ್ಕೆ ಒಂದು ಜನರೇಟರ್ ಇಳಿಸಬೇಕಿತ್ತು. ಆ ಅಂಗಳ ಕ್ರೇನಿನ ಕ್ಯಾಬಿನ್ನಿಗೆ ಕಾಣುವುದಿಲ್ಲ. ಕೈಸನ್ನೆ ನಡೆಯುವುದಿಲ್ಲ. ವಾಕಿಟಾಕಿಯಲ್ಲಿ ಬರುವ ಮಾತನ್ನೇ ನಂಬಿ, ನೆನಪಿಟ್ಟು ಇಳಿಸಬೇಕು. ಸೈಟಿನವರು ಅದಕ್ಕೆ ಕುರುಡು ಲೋಡು ಅನ್ನುತ್ತಾರೆ. ಎರಡನೇ ಕ್ರೇನಿನವನಿಗೆ ಕೊಡಬೇಕೆಂದಿದ್ದ ಕೆಲಸವನ್ನು ಮೇಸ್ತ್ರಿ ಎಲ್ಲರೆದುರಿಗೆ ಭಾವನಿಗೆ ಕೊಟ್ಟ. 'ಮೂವತ್ತೆಂಟು ವರ್ಷದ ಮಿದುಳು ನಮ್ಮ ಹತ್ರ ಇರೋವಾಗ ಬೇರೆಯವರು ಯಾಕ್ರಯ್ಯಾ?' ಎಂದು ನಕ್ಕ. ಸೋಮವಾರ ಬೆಳಿಗ್ಗೆ ಕೆಲಸ. ಅಂಗಳದಲ್ಲಿ ಲೋಡಿನ ಕೆಳಗೆ ನಿಲ್ಲುವವರು ಬಾಮೈದ ಮತ್ತು ಹಗ್ಗ ಹಿಡಿಯುವ ಇಬ್ಬರು. ಮೂರು ಕಡೆ ಗೋಡೆ. ಓಡಿದರೆ ಎಲ್ಲಿಗೆ ಓಡುವುದು?

ರಜೆ ಹಾಕಿಬಿಡೋಣ ಎಂದೂ ಅವನು ಯೋಚಿಸಿದ್ದ. ಹಾಕಿದರೆ ಆ ಜಾಗದಲ್ಲಿ ಇನ್ಯಾರೋ ತಾಯಿಯ ಮಗ ನಿಲ್ಲುತ್ತಾನೆ. ಹೇಳಿದರೆ ಉಂಡ ಮನೆಗೆ ದ್ರೋಹ, ಹೇಳದಿದ್ದರೆ ಹೆಣ. ಬಿಸಿತುಪ್ಪ ಬಾಯಲ್ಲಿಟ್ಟುಕೊಂಡವನ ಪಾಡು ಅವನದಾಗಿತ್ತು.

ಮನೆಯೊಳಗೆ ಕಾಲಿಟ್ಟವನೇ ನೆಟ್ಟಗೆ ಅಡುಗೆಮನೆಗೆ ಹೋದ. ಅಕ್ಕ ಚಹಾದ ಲೋಟಗಳನ್ನು ತೊಳೆಯುತ್ತಿದ್ದಳು.

'ಅಕ್ಕಾ, ಭಾವಂಗೆ ಹುಷಾರಿಲ್ಲ.'

'ಗೊತ್ತು.' ಅಕ್ಕ ತಿರುಗಲಿಲ್ಲ. 'ನಲ್ಲಿ ತಿರುಗಿಸಿ ಬಿಟ್ಟು ಹೋಗ್ತಾರೆ. ಮಗಳ ಅಂಗಡಿ ಯಾವ ಬೀದೀಲಿದೆ ಅಂತ ಮೊನ್ನೆ ನನ್ನೇ ಕೇಳಿದ್ರು. ಜೊತೆಗೆ ಸಂಸಾರ ಮಾಡೋಳಿಗೆ ಗೊತ್ತಿರಲ್ವೇನೋ?'

'ಗೊತ್ತಿದ್ದೂ ಸುಮ್ನಿದ್ದೀಯ?'

'ಇನ್ನೇನು ಡಂಗುರ ಹೊಡೀಲಾ? ಅವರಿಗೆ ಗೊತ್ತಿರೋದು ಅದೊಂದೇ ಕೆಲಸ. ಅಲ್ಲಿಂದ ಇಳಿಸಿದ್ರೆ ಅವರು ಮನುಷ್ಯರಾಗಿ ಉಳಿಯಲ್ಲ ಕಣೋ. ಕೆಳಗೆ ನಿನ್ನ ಕೈ ಇದೆಯಲ್ಲ, ಅಷ್ಟು ಸಾಕು ನಂಗೆ.'

'ನಾಳೆ ಅವರಿಗೆ ನನ್ನ ಕೈ ಕಾಣಲ್ಲ ಅಕ್ಕಾ.'

ಅಕ್ಕನ ಕೈಯಲ್ಲಿದ್ದ ಲೋಟ ನೀರಿನ ಕೆಳಗೇ ನಿಂತಿತು. ಕುರುಡು ಲೋಡೆಂದರೆ ಏನೆಂದು ಕ್ರೇನಿನವನ ಹೆಂಡತಿಗೆ ಬಿಡಿಸಿ ಹೇಳಬೇಕಾಗಿರಲಿಲ್ಲ. ಅವಳು ನಲ್ಲಿ ನಿಲ್ಲಿಸಿ, ಸೆರಗಿನಿಂದ ಕೈ ಒರೆಸಿಕೊಂಡು, ತಮ್ಮನ ಮುಖವನ್ನೇ ನೋಡಿದಳು. ಏನೋ ಹೇಳಲು ಬಾಯಿ ತೆರೆದಳು. ಅಷ್ಟರಲ್ಲಿ ಹಜಾರದಿಂದ ಮೇಸ್ತ್ರಿಯ ದನಿ ಬಂತು: 'ಏನಮ್ಮಾ ತಾಯಿ, ಚಹಾ ಎಲೆ ಬೆಳೆಸೋಕೆ ಹೋಗಿದ್ದೀರಾ?'

'ಬಂದೆ ಅಣ್ಣಾ' ಎಂದು ಕೂಗಿ, ಲೋಟಗಳಿಗೆ ಚಹಾ ಬಗ್ಗಿಸಿ, ತಟ್ಟೆ ಎತ್ತಿಕೊಂಡು ಅವಳು ಹೊರಟೇಬಿಟ್ಟಳು.

ಹಜಾರದಲ್ಲಿ ಭಾವ ತನ್ನ ಕುರ್ಚಿಯಲ್ಲಿ ಕಾಲ ಮೇಲೆ ಕಾಲು ಹಾಕಿಕೊಂಡು ಕೂತಿದ್ದ. ಗಡ್ಡ ಹೆರೆದುಕೊಂಡು, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡಿದ್ದ. ನೋಡಿದರೆ ಯಾರು ತಾನೇ ಅನುಮಾನ ಪಟ್ಟಾರು? ಬಾಮೈದನನ್ನು ಕಂಡವನೇ ಟಿವಿಯ ಪಕ್ಕದ ಸ್ಟೂಲು ತೋರಿಸಿದ.

'ಬಾರೋ, ಕೂತ್ಕೋ. ಅದು ನಿನ್ನ ಸಿಂಹಾಸನ.'

ಮೊದಲು ಮಗಳು ಆಡಿದಳು. ಅವಳ ಬೆರಳು ರಿಮೋಟಿನ ಮೇಲೆ ಕುಣಿಯಿತು. ಗೂಬೆ ಇಪ್ಪತ್ತು ಎಂದಿತು. ಆಮೇಲೆ ಮೇಸ್ತ್ರಿ. ಅವನು ಪ್ರತಿ ಬಾಣಕ್ಕೂ ರಿಮೋಟನ್ನೇ ಆ ದಿಕ್ಕಿಗೆ ಎಳೆದಾಡಿ, ಚಹಾ ಚೆಲ್ಲಿ, ಕೊನೆಗೆ ಅರವತ್ತಾರು ವರ್ಷ ಅನ್ನಿಸಿಕೊಂಡ.

'ಅಂಕಲ್, ನೀವು ನಮ್ಮ ಅಜ್ಜಂಗೆ ದೊಡ್ಡಣ್ಣ ಆಗಬೇಕಿತ್ತು' ಎಂದಳು ಮಗಳು.

'ನಗು ತಾಯಿ ನಗು. ನನ್ನ ತಲೇಲಿ ಇಡೀ ಸೈಟಿದೆ, ಇಂಥ ಬಾಣಗೀಣಕ್ಕೆಲ್ಲ ಜಾಗ ಎಲ್ಲಿದೆ?' ಎಂದ ಮೇಸ್ತ್ರಿ ರಿಮೋಟನ್ನು ಭಾವನ ಮಡಿಲಿಗೆ ಹಾಕಿದ. 'ತಗೋಳಪ್ಪಾ ಮೂವತ್ತೆಂಟು. ನಾಳೆ ಕಂಪನಿಯ ದೊಡ್ಡ ದೊಡ್ಡವರೆಲ್ಲ ನೋಡೋಕೆ ಬರ್ತಿದ್ದಾರೆ. ನಿನ್ನ ಮೇಲೆ ಆಣೆ ಇಟ್ಟು ಹೇಳಿದ್ದೀನಿ. ಒಂದು ಸಲ ನಂಗೂ ಧೈರ್ಯ ಬರೋ ಹಾಗೆ ಆಡಿಬಿಡು.'

ಮಾತು ನಗೆಯಲ್ಲೇ ಬಂದಿತ್ತು. ಆದರೆ ಮೇಸ್ತ್ರಿಯ ಕಣ್ಣು ನಗುತ್ತಿರಲಿಲ್ಲ. ಅವನಿಗೂ ಒಳಗೆಲ್ಲೋ ಅಳುಕಿದೆ ಎಂದು ಬಾಮೈದನಿಗೆ ಆಗ ಹೊಳೆಯಿತು. ಆ ಅಳುಕನ್ನು ಈ ಸುಡುಗಾಡು ಆಟ ಹೋಗಲಾಡಿಸಲಿ ಎಂದು ಆತ ಕೂತಿದ್ದಾನೆ. ಹೋಗಲಾಡಿಸುವುದು ಬಾಮೈದನ ಹೆಬ್ಬೆರಳಿನಲ್ಲಿತ್ತು.

ಆಟ ಶುರುವಾಯಿತು. ಎರಡು ಬಾಣ. ಭಾವ ಸಲೀಸಾಗಿ ಒತ್ತಿದ. ಮೂರು ಬಾಣ: ಕೆಳಗೆ, ಕೆಳಗೆ, ಬಲಕ್ಕೆ. ಭಾವ ಎರಡು ಒತ್ತಿ ನಿಂತ. ನಿಂತವನು ಪರದೆ ನೋಡಲಿಲ್ಲ. ಅವನ ಕಣ್ಣು ಅಭ್ಯಾಸಬಲದಿಂದ ನೇರವಾಗಿ ಬಾಮೈದನ ಮೊಣಕಾಲಿನ ಮೇಲೆ ಬಂದು ಕೂತಿತು.

ಅಲ್ಲಿ ಕೈ ಇರಲಿಲ್ಲ. ಬಾಮೈದ ಎರಡೂ ಕೈಗಳನ್ನು ತೊಡೆಯ ಕೆಳಗೆ ಹಾಕಿಕೊಂಡು ಅದರ ಮೇಲೆ ಕೂತಿದ್ದ.

ಪರದೆಯ ಕೆಳಗೆ ಕೆಂಪು ಗೆರೆಯೊಂದು ಸಣ್ಣಗಾಗುತ್ತ ಹೋಗುತ್ತಿತ್ತು. ಅದು ಮುಗಿದರೆ ಸಮಯ ಮುಗಿದಂತೆ. ಭಾವ ಹುಬ್ಬು ಗಂಟಿಕ್ಕಿದ. ಎಲ್ಲಿ ನಿನ್ನ ಕೈ ಎಂದು ಕಣ್ಣಲ್ಲೇ ಕೇಳಿದ. ಬಾಮೈದ ತೊಡೆಯ ಭಾರವನ್ನೆಲ್ಲ ಕೈ ಮೇಲೆ ಬಿಟ್ಟ. ಬೆರಳುಗಳು ಎಲ್ಲಿ ತಾವೇ ಎದ್ದು ಹೇಳಿಕೊಡುತ್ತವೋ ಎಂದು ಅವನಿಗೆ ಭಯ. ಎಷ್ಟಾದರೂ ಹತ್ತಾರು ವರ್ಷದ ಚಾಳಿ. ಮೇಲೆ ಆ ಕಣ್ಣು ಕಾಯುತ್ತಿದ್ದರೆ ಕೆಳಗೆ ಈ ಕೈ ಎಂದೂ ಸುಮ್ಮನಿದ್ದದ್ದಿಲ್ಲ.

'ಅಪ್ಪಾ, ಒತ್ತಿ!' ಎಂದಳು ಮಗಳು.

ಭಾವ ಏನೋ ಒತ್ತಿದ. ತಪ್ಪಾಯಿತು. ಗೂಬೆ ಬಂದು ರೆಕ್ಕೆ ಬಡಿದು, ಎಂಬತ್ತೊಂದು ಎಂದಿತು.

ಮೇಸ್ತ್ರಿಯೇ ಮೊದಲು ನಕ್ಕ. 'ಏ, ಈ ಯಂತ್ರಕ್ಕೆ ತಲೆ ಕೆಟ್ಟಿದೆ! ಇನ್ನೊಂದು ಸಲ ಹಾಕಮ್ಮಾ.'

ಇನ್ನೊಂದು ಸಲವೂ ಅಷ್ಟೇ. ಈ ಸಲ ಭಾವ ಪರದೆಯ ಕಡೆ ನೋಡಲೇ ಇಲ್ಲ. ಬಾಣಗಳು ಬಂದು ಹೋದವು, ಕೆಂಪು ಗೆರೆ ಸವೆಯಿತು, ಅವನು ಬಾಮೈದನ ಕಾಣದ ಕೈಗಳನ್ನೇ ನೋಡುತ್ತ ರಿಮೋಟು ಹಿಡಿದು ಕೂತಿದ್ದ. ಬಾಗಿಲಿಗೆ ಒರಗಿ ನಿಂತಿದ್ದ ಅಕ್ಕ ಗಂಡನ ಕಣ್ಣು ಹೋದ ದಾರಿ ಹಿಡಿದು ತಮ್ಮನ ಮುಖ ನೋಡಿದಳು. ಆಗ ಅವಳಿಗೆ ಅಷ್ಟೂ ಭಾನುವಾರಗಳ ಕಥೆ ಒಂದೇ ಏಟಿಗೆ ಅರ್ಥವಾಯಿತು. ಸನ್ನೆ ಕೊಡೋ, ಇವತ್ತೊಂದು ದಿನ ಕೊಡೋ, ಎಂದು ಆ ಮುಖ ಬೇಡುತ್ತಿತ್ತು. ಬಾಮೈದ ನೆಲ ನೋಡಿದ.

'ಊಟ ಜಾಸ್ತಿಯಾಯ್ತು, ಅದಕ್ಕೇ ಮಂಪರು' ಎಂದ ಭಾವ.

'ಅದೇ ಮತ್ತೆ!' ಮೇಸ್ತ್ರಿ ಅದನ್ನು ಹಾಗೇ ಗಬಕ್ಕನೆ ಹಿಡಿದುಕೊಂಡ. ನಂಬಬೇಕೆಂದು ಕೂತವನಿಗೆ ನೆಪ ಒಂದು ಸಿಕ್ಕರೆ ಸಾಕಲ್ಲ. 'ಆಟ ತಾನೇ, ಬಿಡು. ನಾಳೆ ಬೆಳಿಗ್ಗೆ ಎದ್ದು ತಣ್ಣೀರು ಹಾಕ್ಕೊಂಡು ಬಾ, ಎಲ್ಲ ಸರಿಹೋಗುತ್ತೆ.' ಎಂದು ಮಂಡಿ ಹಿಡಿದುಕೊಂಡು ಎದ್ದ. ಬಾಗಿಲ ಬಳಿ ಹೋಗಿ ಚಪ್ಪಲಿಗೆ ಕಾಲು ತೂರಿಸಿದ.

ಕೈ ಕಟ್ಟಿ ಕೂತರೆ ಸಾಲದು ಎಂದು ಬಾಮೈದನಿಗೆ ಆಗ ತಿಳಿಯಿತು. ಎಂಥ ಪೆದ್ದ ತಾನು! ಸನ್ನೆ ಕೊಡದಿದ್ದರೆ ನಿಜ ತಾನಾಗಿ ಹೊರಬರುತ್ತದೆ, ತನ್ನ ಬಾಯಿ ಮೈಲಿಗೆಯಾಗುವುದಿಲ್ಲ ಎಂದುಕೊಂಡಿದ್ದ. ಎಂಬತ್ತೊಂದನ್ನು ಕಣ್ಣಾರೆ ಕಂಡೂ ಈ ಮೇಸ್ತ್ರಿ ಮನೆಗೆ ಹೊರಟಿದ್ದಾನೆ. ನಾಳೆ ಬೆಳಿಗ್ಗೆ ಜನರೇಟರ್ ಎದ್ದೇ ಏಳುತ್ತದೆ.

'ಮೇಸ್ತ್ರಿಗಳೇ' ಎಂದ. ತೊಡೆಯ ಕೆಳಗಿನಿಂದ ಕೈಗಳನ್ನು ಹೊರಗೆ ತೆಗೆದ. 'ಆ ಮೂವತ್ತೆಂಟು ಭಾವಂದಲ್ಲ.'

'ಏನಂದೆ?'

'ನಾನು ಇಲ್ಲಿ ಕೂತು ಬೆರಳಲ್ಲಿ ಹೇಳಿಕೊಡ್ತಿದ್ದೆ. ಎಲ್ಲಾ ಸಲಾನೂ. ಸೈಟಲ್ಲೂ ಅಷ್ಟೇ. ಮಾತಲ್ಲಿ ಹೇಳಿದ್ದು ಅವರಿಗೆ ನಿಲ್ತಾ ಇಲ್ಲ.'

'ಬಾಯಿ ಮುಚ್ಚೋ!' ಅಕ್ಕ ಕಿರುಚಿದಳು. 'ಅನ್ನ ಹಾಕಿದ ಕೈನ ಕಚ್ತೀಯೇನೋ?'

ಆ ಮಾತು ಅವನ ಎದೆಗೆ ಚೂರಿ ಹಾಕಿದ ಹಾಗೆ ಹೊಕ್ಕಿತು. ಬರುತ್ತದೆಂದು ಗೊತ್ತಿದ್ದ ಮಾತೇ. ಆದರೂ ಅಕ್ಕನ ಬಾಯಿಂದ ಬಂದಾಗ ಅದರ ಉರಿಯೇ ಬೇರೆ. ಮಗಳು ರಿಮೋಟನ್ನು ಅಪ್ಪನ ಕೈಯಿಂದ ಮೆಲ್ಲಗೆ ತೆಗೆದುಕೊಂಡು, ಏನು ಮಾಡಬೇಕೆಂದು ತೋಚದೆ ಎದೆಗವಚಿಕೊಂಡಳು. ತಾನೇ ಕೈಯಾರೆ ಮನೆಗೆ ತಂದ ಆಟವಲ್ಲವೇ, ಪಾಪ, ಅವಳ ಕಣ್ಣಲ್ಲಿ ನೀರು ತುಂಬಿಕೊಂಡಿತು.

ಮೇಸ್ತ್ರಿ ಚಪ್ಪಲಿಯಿಂದ ಕಾಲು ಹೊರಗೆ ತೆಗೆದ. 'ಏನಯ್ಯಾ ಇದು? ನಿಜಾನಾ?' ಎಂದು ಗೆಳೆಯನನ್ನು ಕೇಳಿದ.

ಭಾವ ಕುರ್ಚಿಯಿಂದ ಎದ್ದ. ಎದ್ದು ಬಂದು ಸ್ಟೂಲಿನ ಮುಂದೆ ನಿಂತ. ಬಾಮೈದನೂ ಎದ್ದು ನಿಂತ. ಹೊಡೆಯುತ್ತಾನೆ ಎಂದುಕೊಂಡ. ಹೊಡೆದರೆ ಒಳ್ಳೆಯದಿತ್ತು, ಮನಸ್ಸಾದರೂ ಹಗುರವಾಗುತ್ತಿತ್ತು. ಭಾವನ ಮುಖ ಕೆಂಪೇರಿತ್ತು, ಕತ್ತಿನ ನರ ಹುರಿಯಂತೆ ಎದ್ದಿತ್ತು.

'ಮೂಗಿನ ಸುಂಬಳ ಒರೆಸಿಕೊಳ್ಳೋಕೆ ಬರ್ತಿರ್ಲಿಲ್ಲ ನಿಂಗೆ, ನಾನು ಕರ್ಕೊಂಡು ಬಂದಾಗ.'

'ಹೌದು ಭಾವ.'

'ಇಷ್ಟು ವರ್ಷ ನನ್ನ ಕೊಕ್ಕೆ ಕೆಳಗೆ ನಿಂತಿದ್ದೀಯ. ಒಂದು ದಿನ ನಿನ್ನ ಕೂದಲು ಕೊಂಕಿದೆಯೇನೋ?'

'ಇಲ್ಲ ಭಾವ.'

'ನಾಳೆ ನಾನು ಕ್ಯಾಬಿನ್ ಹತ್ತೋನೇ. ಯಾವ ಗೂಬೆ ಏನಂದ್ರೂ ಹತ್ತೋನೇ. ನೀನು ಹೇಳು. ಆ ಅಂಗಳದಲ್ಲಿ, ನನ್ನ ಲೋಡಿನ ಕೆಳಗೆ ನೀನು ನಿಲ್ತೀಯೋ, ಇಲ್ವೋ?'

ಹಜಾರದಲ್ಲಿ ಟಿವಿಯ ಆಟದ ಸಂಗೀತ ಒಂದೇ ಸಮನೆ ಟಿಣಿಟಿಣಿ ಎನ್ನುತ್ತಿತ್ತು. ಅದನ್ನು ನಿಲ್ಲಿಸಬೇಕೆಂದು ಯಾರಿಗೂ ಹೊಳೆಯಲಿಲ್ಲ. ಅಕ್ಕ ಸೆರಗನ್ನು ಬಾಯಿಗೆ ಒತ್ತಿ ಹಿಡಿದಿದ್ದಳು. ಬಾಮೈದ ಭಾವನ ಕಣ್ಣು ನೋಡಿದ. ಸಿಟ್ಟಿತ್ತು, ನಿಜ. ಸಿಟ್ಟಿನ ಹಿಂದೆ ಭಯವಿತ್ತು. ಎತ್ತರಕ್ಕೆ ಎಂದೂ ಹೆದರದ ಮನುಷ್ಯ ಈಗ ತನ್ನ ಬಾಮೈದನ ಒಂದು ಮಾತಿಗೆ ಹೆದರಿ ನಿಂತಿದ್ದ. ನಿಲ್ತೀನಿ ಭಾವ ಎಂದುಬಿಡಬೇಕು ಎಂದು ನಾಲಗೆಯ ತುದಿಗೆ ಬಂತು. ಅಂದಿದ್ದರೆ ಮನೆ ಮನೆಯಾಗಿಯೇ ಉಳಿಯುತ್ತಿತ್ತು, ನಾಳೆಯವರೆಗೆ.

'ನಿಲ್ಲಲ್ಲ ಭಾವ' ಎಂದ.

ಅಂದವನೇ ಅತ್ತುಬಿಟ್ಟ. ಅಷ್ಟು ದೊಡ್ಡ ಆಳು, ಮೀಸೆ ಹೊತ್ತ ಗಂಡಸು, ಮಕ್ಕಳ ಹಾಗೆ ಬಿಕ್ಕಿಬಿಕ್ಕಿ ಅತ್ತ.

ಭಾವ ಹಾಗೇ ನಿಂತಿದ್ದ. ಅವನ ಕತ್ತಿನ ನರ ನಿಧಾನವಾಗಿ ಇಳಿಯಿತು. ಹೆಗಲು ಇಳಿಯಿತು. ಏನೋ ಲೆಕ್ಕ ಹಾಕುವವನ ಹಾಗೆ ಒಂದೆರಡು ಸಲ ತಲೆಯಾಡಿಸಿದ. ಆಮೇಲೆ ಮೇಸ್ತ್ರಿಯ ಕಡೆ ತಿರುಗಿ, ಕೆಲಸದ ಹೊತ್ತಿನಲ್ಲಿ ಮಾತಾಡುವ ದನಿಯಲ್ಲಿ ಹೇಳಿದ:

'ಕೇಳಿಸ್ತಲ್ಲ. ಕೆಳಗಿನವನು ಬೇಡ ಅಂದ ಮೇಲೆ ಮೇಲಿನವನು ಲೋಡು ಎತ್ತೋ ಹಾಗಿಲ್ಲ. ಅದು ಕ್ರೇನಿನ ಕಾನೂನು. ಆ ಇನ್ನೊಬ್ಬನಿಗೆ ಫೋನ್ ಹಚ್ಚು.'

'ಈಗಲೇ ಯಾಕೆ ಮಾರಾಯಾ, ಕೂತು ಮಾತಾಡೋಣ...'

'ಹಚ್ಚು ಅಂದೆ.'

ಮೇಸ್ತ್ರಿ ಫೋನು ತೆಗೆದ. ಎರಡನೇ ಕ್ರೇನಿನವನಿಗೆ ನಾಳೆಯ ಕೆಲಸ ನಿನ್ನದು ಎಂದು ನಾಲ್ಕು ಮಾತಿನಲ್ಲಿ ಹೇಳಿದ. ಕಾರಣ ಹೇಳಲಿಲ್ಲ. ಇನ್ನೇನು ಇಡಬೇಕು ಅನ್ನುವಷ್ಟರಲ್ಲಿ ಭಾವ ಕೈ ಚಾಚಿದ. ಮೇಸ್ತ್ರಿ ಫೋನನ್ನು ಅವನಿಗೆ ಕೊಟ್ಟ.

'ನೋಡಪ್ಪಾ, ನಾನು ಮಾತಾಡ್ತಿರೋದು' ಎಂದ ಭಾವ. 'ಅವಸರ ಮಾಡಬೇಡ. ಲೋಡು ಎದ್ದ ತಕ್ಷಣ ಒಂದು ಸಲ ನಿಲ್ಸು, ಉಯ್ಯಾಲೆ ನಿಲ್ಲೋವರೆಗೂ ತಿರುಗಿಸಬೇಡ. ಕಟ್ಟಡದ ತಲೆ ದಾಟಿದ ಮೇಲೆ ಅಲ್ಲೊಂದು ಗಾಳಿ ಇದೆ. ಅದು ನಿನಗೆ ಮೇಲೆ ಗೊತ್ತೇ ಆಗಲ್ಲ. ಲೋಡನ್ನ ಹಿಡಿದು ಎಳೆಯುತ್ತೆ, ಅದು...'

ಅಲ್ಲಿ ನಿಂತ. ಬಾಯಿ ತೆರೆದಿತ್ತು, ಮಾತು ಬರಲಿಲ್ಲ. ಆ ಮೂಲೆಯ ಗಾಳಿಯನ್ನು ಸೈಟಿನಲ್ಲಿ ಮೊದಲು ಕಂಡುಹಿಡಿದವನೇ ಅವನು. ಫೋನಿನೊಳಗಿಂದ 'ಹಲೋ, ಅಣ್ಣಾ? ಯಾವ ಕಡೆಗೆ?' ಎನ್ನುವುದು ಎಲ್ಲರಿಗೂ ಕೇಳಿಸಿತು. ಭಾವ ಬಾಮೈದನ ಕಡೆ ನೋಡಿದ. ಹೆಂಡತಿ, ಮಗಳು, ಗೆಳೆಯ ಎಲ್ಲರೂ ನೋಡುತ್ತಿದ್ದಾರೆ ಎಂದು ಗೊತ್ತಿದ್ದೂ ನೋಡಿದ.

ಬಾಮೈದ ಕಣ್ಣು ಒರೆಸಿಕೊಂಡ. 'ಎಡಕ್ಕೆ ಭಾವ' ಎಂದ, ಎಲ್ಲರಿಗೂ ಕೇಳುವ ಹಾಗೆ ಬಾಯಿಬಿಟ್ಟು.

'ಹ್ಞಾಂ, ಎಡಕ್ಕೆ' ಎಂದ ಭಾವ ಫೋನಿಗೆ. 'ಎಡಕ್ಕೆ ಎಳೆಯುತ್ತೆ. ನಿಧಾನಕ್ಕೆ ಇಳಿಸು, ಗೊತ್ತಾಯ್ತಾ? ಕೆಳಗೆ ನನ್ನ ಬಾಮೈದ ನಿಂತಿರ್ತಾನೆ.'